ಕೇಳುವ ತನಕ ಹನ್ನೆರಡು ವೋಲ್ಟ್

ಇದು ನಡೆದದ್ದೇ. ಒಂದಕ್ಷರ ಸೇರಿಸಿದ್ದರೂ ನನ್ನ ನಾಲಿಗೆ ಈಗಲೇ ಒಣಗಿ ಹೋಗಲಿ. ನೋಡಿ, ಇನ್ನೂ ಒದ್ದೆಯಾಗಿಯೇ ಇದೆ.

ಐದು ಲಕ್ಷ ವೋಲ್ಟಿನ ಡಿಸಿ ಲೈನು ಆ ಓಣಿಯ ನೆತ್ತಿಯ ಮೇಲೆಯೇ ಹಾದು, ಎಲ್ಲೋ ದೂರದ ಪಟ್ಟಣ ಬೆಳಗಲು ಹೋಗುತ್ತಿತ್ತು. ಕೆಳಗಿನ ಹನ್ನೊಂದು ಮನೆಗಳಿಗೆ ಮಾತ್ರ ಒಂದು ಬಲ್ಬಿಗೂ ಗತಿಯಿಲ್ಲ. ಲೈನಿನಡಿಯ ಮನೆಗೆ ಸಂಪರ್ಕ ಕೊಡಬಾರದಂತೆ, ಕಾಯಿದೆ. ಅದು ಸಾಲದೆಂದು ಪಕ್ಕದ ಕರೆಂಟ್ ಸ್ಟೇಷನ್ನಿನವರು ಎತ್ತಿದ ಗೋಡೆ, ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದ ದರ್ಜಿಯ ಕಿಟಕಿಗೆ ಅಡ್ಡ ಬಂದು, ಹಾಡಹಗಲೇ ಹೊಲಿಗೆ ಮಿಷನ್ನಿನ ಮೇಲೆ ಕತ್ತಲು ಕವಿಯಿತು. ಆ ಸ್ಟೇಷನ್ನಿನವರ ಅಂಗಿಗಳನ್ನು ಹೊಲಿಯುತ್ತಿದ್ದವಳೂ ಅವಳೇ. ಎರಡು ಸಲ ಗುಂಡಿಯ ಕಾಜಾ ಓರೆಯಾಯಿತು. ಇನ್ನೊಂದು ಸಲ ಆದರೆ ಕೆಲಸ ಬೇರೆಯವರಿಗೆ ಎಂದು ಹೇಳಿಕಳಿಸಿದರು.

ಅವಳ ತಮ್ಮ ಅಲ್ಲೇ ಫಿಟ್ಟರ್. ಉಣ್ಣುವಾಗಲೂ ಜೇಬಿನಲ್ಲಿ ಇಕ್ಕಳ ಇಟ್ಟುಕೊಂಡಿರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಇಕ್ಕಳನೇ.

"ಅಕ್ಕಾ, ತಲೆ ಮೇಲೆ ಐದು ಲಕ್ಷ ಇದೆ. ಅದ್ರಲ್ಲಿ ಒಂದು ಬಲ್ಬಿಗೆ ಬೇಕಾಗೋ ಹನ್ನೆರಡು ವೋಲ್ಟ್ ಕಿತ್ಕೊಡೋದು ನಂಗೇನು ಭಾರೀನಾ?"

"ಹೋದ ವರ್ಷ ಸೂರು ಸರಿ ಮಾಡ್ತೀನಿ ಅಂದಿದ್ದೆ."

"ಅದು ಬೇರೆ. ಇದು ನನ್ ಕಸುಬು."

ಡಿಸಿ ಎಂದರೆ ಮೊಂಡು ಕರೆಂಟು, ಟ್ರಾನ್ಸ್‌ಫಾರ್ಮರಿಗೆ ಸೊಪ್ಪೇ ಹಾಕುವುದಿಲ್ಲ. ಇಕ್ಕಳ ಬೇರೆ ದಾರಿ ಹಿಡಿದ. ಗುಜರಿ ಕೋಣೆಯಲ್ಲಿ ಕರೆಂಟಿಗೆ ಅಡ್ಡಗಾಲು ಹಾಕುವ, ಒಂದೇ ಅಳತೆಯ ರೆಸಿಸ್ಟರುಗಳು ರಾಶಿ ಬಿದ್ದಿದ್ದವು. ಒಂದರ ಬಾಲಕ್ಕೆ ಇನ್ನೊಂದನ್ನು ಬೆಸೆಯುತ್ತಾ ಹೋದ. ನಲವತ್ತೆರಡು ಸಾವಿರ! ಐದು ಲಕ್ಷವನ್ನು ಅಷ್ಟೂ ಸಮನಾಗಿ ಹಂಚಿಕೊಂಡರೆ ಕೊನೆಯದರ ಪಾಲಿಗೆ ಹನ್ನೆರಡು. ಬೆಸುಗೆಯ ಹೊಗೆಗೆ ಅವನ ಹುಬ್ಬೇ ಉದುರಿತು. ಸರಪಳಿ ಸ್ಟೇಷನ್ನನ್ನು ಮೂರು ಸುತ್ತು ಸುತ್ತಿ, ಗೋಡೆ ಹಾರಿ, ಅಕ್ಕನ ಕಿಟಕಿಗೆ ಬಂದಿಳಿದಾಗ ಓಣಿಯ ಬೆಕ್ಕುಗಳೆಲ್ಲ ಊರು ಬಿಟ್ಟವು.

ಲೈನು ಬಂದ್ ಇದ್ದ ದಿನ ಅದನ್ನು ತಗುಲಿಸಲು ದೊಡ್ಡ ಇಂಜಿನಿಯರು ಮರುಮಾತಿಲ್ಲದೆ ಒಪ್ಪಿದರು. ಯಾಕಷ್ಟು ಸಲೀಸಾಗಿ ಒಪ್ಪಿದರೆಂದು ಇಕ್ಕಳನಿಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಲೈನು ಮತ್ತೆ ಗುಂಯ್‌ಗುಟ್ಟಿತು. ಓಣಿಯೆಲ್ಲ ನೆರೆಯಿತು, ಇಂಜಿನಿಯರೂ ಬಂದರು. ಇಕ್ಕಳ ಮೀಟರ್ ಹಿಡಿದ. ಮುಳ್ಳು ಎದ್ದು ಹನ್ನೆರಡಕ್ಕೆ ನಿಂತಿತು. ಚಪ್ಪಾಳೆಯೋ ಚಪ್ಪಾಳೆ! ಅಕ್ಕ ಕೈ ಒರೆಸಿಕೊಂಡು ಮಿಷನ್ನಿನ ಮುಂದೆ ಕೂತಳು.

ಬಲ್ಬು ಹಾಕಿದ. ಮಿಣುಕ್ಕೂ ಎನ್ನಲಿಲ್ಲ. ಮುಳ್ಳು ಸೊನ್ನೆಗೆ ಬಿತ್ತು. ಬಲ್ಬು ತೆಗೆದ, ಹನ್ನೆರಡು. ಹಾಕಿದ, ಸೊನ್ನೆ.

"ಬಲ್ಬಿಗೆ ನಾಚ್ಕೆ ಕಣೋ ಇಕ್ಕಳಾ, ನಾವು ಹೊರಗೆ ಹೋಗ್ತೀವಿ!" ಎಂದ ಪಕ್ಕದ ಮನೆಯವನು.

ಇಂಜಿನಿಯರು ಮಾತ್ರ ನಗಲಿಲ್ಲ. "ಹನ್ನೆರಡು ಇದೆ ಕಣಯ್ಯ, ತೋರ್ಸೋಕೆ ಮಾತ್ರ. ನಿನ್ ಸರಪಳೀಲಿ ಹರಿಯೋದು ಕೂದಲೆಳೆಯಷ್ಟು. ಬಲ್ಬಿಗೆ ಸಾಕಾಗೋಷ್ಟು ಹರಿಸಿದ್ರೆ ಅಷ್ಟೂ ಕೆಂಡ ಆಗಿ ಓಣಿನೇ ಸುಟ್ಟುಹೋಗುತ್ತೆ."

"ಗೊತ್ತಿದ್ದೂ ಯಾಕ್ ಬಿಟ್ರಿ ಸಾರ್?"

"ಲೈನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅಳೆಯೋಕೆ ನಮಗೆ ಇಂಥದ್ದೇ ಬೇಕಿತ್ತು. ಹಳೇದು ಕೆಟ್ಟು ಆರು ತಿಂಗಳಾಯ್ತು."

ಇಕ್ಕಳ ಬಲ್ಬನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಅಕ್ಕನ ಮುಖ ನೋಡುವ ಧೈರ್ಯ ಬರಲಿಲ್ಲ.

"ಬಿಡು," ಎಂದಳು ಅವಳು, ಕತ್ತಲಲ್ಲೇ ಬಟ್ಟೆ ಮಡಿಸುತ್ತಾ. "ನಿನ್ ಥರಾನೇ ಇದೆ. ಕೇಳೋ ತನಕ ಎಲ್ಲಾ ಇರುತ್ತೆ."

ಆ ವಾರವೇ ಸರಪಳಿ, ಮೀಟರಿನ ಸಮೇತ, ಗೋಡೆಯಾಚೆ ಸ್ಟೇಷನ್ನಿನೊಳಕ್ಕೆ ಹೋಯಿತು. ಅದನ್ನು ಕಂಡುಹಿಡಿದದ್ದಕ್ಕೆ ಇಂಜಿನಿಯರಿಗೆ ಬಹುಮಾನ. ವೇದಿಕೆ ಹತ್ತುವಾಗ, ಅಕ್ಕ ಕತ್ತಲಲ್ಲಿ ಹೊಲಿದ ಅವರ ಹೊಸ ಅಂಗಿಯ ಮೇಲಿನ ಗುಂಡಿ ಏನು ಮಾಡಿದರೂ ಕಾಜಾಕ್ಕೆ ಸಿಗಲಿಲ್ಲ. ಅದೇ ಮೂರನೆಯ ಓರೆ ಕಾಜಾ. ಮರುದಿನ ಬೆಳಿಗ್ಗೆ ಅಕ್ಕನ ಮನೆಯಿಂದ ಬಟ್ಟೆಯ ಗಂಟು ವಾಪಸು ಒಯ್ದರು.

ಈಗ ಆ ಮೀಟರಿನ ಗಾಜು ಒರೆಸುವುದು ಇಕ್ಕಳನ ಕೆಲಸ. ದಿನಾ ಒರೆಸುತ್ತಾನೆ, ಮುಳ್ಳಿನ ಕಡೆ ನೋಡುವುದಿಲ್ಲ. ಅಕ್ಕ ಹೊಸ್ತಿಲಲ್ಲಿ ಕೂತು, ಬೆಳಕು ಸಿಕ್ಕಷ್ಟು ಹೊತ್ತು ಅವರಿವರ ಹರಿದ ಬಟ್ಟೆಗೆ ತೇಪೆ ಹಾಕುತ್ತಾಳೆ.

ಅಯ್ಯೋ ಪಾಪ ಎಂದಿರಿ, ಕೇಳಿಸಿತು. ಬರೀ ಪಾಪವಾದರೆ ಅದೂ ಹನ್ನೆರಡು ವೋಲ್ಟೇ. ಇಗೋ, ಅವಳು ಕೊಟ್ಟು ಕಳಿಸಿದ ಸೂಜಿ, ಇದು ದಾರ. ಸೂಜಿ ಮೂವತ್ತು ಇವೆ, ಆ ಮಬ್ಬಿನಲ್ಲಿ ಅವಳಿಗೆ ಪೋಣಿಸಲಾಗುವುದಿಲ್ಲ. ನಿಮ್ಮ ಕಣ್ಣು ಚುರುಕಾಗಿದೆ, ಎಲ್ಲವನ್ನೂ ಪೋಣಿಸಿಕೊಟ್ಟೇ ಏಳಬೇಕು.