ಹೋಲಿಕೆಯ ಗುಂಪು

ಮಗಳು ವೀವಿ ಸತ್ತ ಮೇಲೆ ತಾರ್ಮೋ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ದ್ವೀಪಗಳಿಗೆ ಓಡಾಡುವ ಹಳದಿ ದೋಣಿಯ ಮೇಲೆ ಕಾರುಗಳನ್ನು ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದ ಹುಡುಗಿ, ಓದಲು ಹೋದ ಊರಿನಲ್ಲಿ ನಿದ್ದೆಯಲ್ಲೇ ರಕ್ತದ ಸಕ್ಕರೆ ಇಳಿದು ತೀರಿಹೋಗಿದ್ದಳು. ಅವನಿಗೆ ಅಳು ಬಂದಿರಲಿಲ್ಲ.

ತುರ್ಕು ನಗರದ ಸಕ್ಕರೆ ಕಾಯಿಲೆಯ ಸಂಶೋಧಕರಿಗೆ, ರೋಗಿಗಳ ಜೊತೆ ಹೋಲಿಸಿ ನೋಡಲು, ಆರೋಗ್ಯವಂತರು ಬೇಕಾಗಿದ್ದಾರೆ ಎಂದು ಓದಿ ಅವನು ಹೊರಟ. ಅಕ್ಕ ಕೈಸು ಕಾರು ಓಡಿಸಿದಳು.

"ಹಲ್ಲುನೋವಿಗೂ ಡಾಕ್ಟರ ಹತ್ರ ಹೋಗದವನು ನೀನು. ಇದ್ಯಾಕೋ?"

"ಸುಮ್ನೆ ಮಲಗಿರೋದಂತೆ, ಅಕ್ಕ."

"ಅದನ್ನ ಮನೇಲೂ ಚೆನ್ನಾಗೇ ಮಾಡ್ತೀಯಲ್ಲ."

ಡಾಕ್ಟರ್ ತೂಲಿಕ್ಕಿ ಇನ್ನೂ ಚಿಕ್ಕ ವಯಸ್ಸಿನವಳು. "ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ?" ಎಂದು ಕೇಳಿದಳು.

"ಈಗಿಲ್ಲ," ಅಂದ.

ಅವಳು ಅದನ್ನು ಇಲ್ಲ ಎಂದೇ ತಿಳಿದಳು. ತೋಳಿಗೆ ಔಷಧ ಏರಿಸಿದರು. ಅದು ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೇ ಹೋಗಿ ಅಂಟಿಕೊಳ್ಳುತ್ತದೆ, ಹೊಟ್ಟೆ ಕೊಯ್ಯದೆಯೇ ಅವು ಎಷ್ಟಿವೆ ಎಂದು ಯಂತ್ರ ತೋರಿಸುತ್ತದೆ. ತಾರ್ಮೋ ಅದರೊಳಗೆ ಅಲುಗಾಡದೆ ಮಲಗಿದ. ಏನನ್ನೂ ಯೋಚಿಸಲಿಲ್ಲ.

ಆಮೇಲೆ ತೂಲಿಕ್ಕಿ ಪರದೆಯ ಮೇಲೆ ಚಿತ್ರ ತೋರಿಸಿದಳು. ಕಪ್ಪು ಹೊಟ್ಟೆಯ ಅಡ್ಡಕ್ಕೆ ಆ ಜೀವಕೋಶಗಳ ಕಿತ್ತಳೆ ಬಣ್ಣದ ಪಟ್ಟಿ, ತುದಿಯವರೆಗೂ ಬೆಳಗುತ್ತಿತ್ತು.

"ನಿಮ್ಮದು ತುಂಬಾ ಚೆನ್ನಾಗಿದೆ."

"ಕಾಯಿಲೆ ಇದ್ದೋರದ್ದು ಹೇಗಿರುತ್ತೆ?"

"ಹೆಚ್ಚಿನವರಲ್ಲಿ ಕಪ್ಪು. ಕೆಲವರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ."

ತಾರ್ಮೋ ಬಹಳ ಹೊತ್ತು ನೋಡುತ್ತಾ ಕುಳಿತ. "ನನ್ನ ಮಗಳಿಗಿತ್ತು," ಅಂದ. "ಮಾರ್ಚ್‌ನಲ್ಲಿ ತೀರಿಕೊಂಡಳು."

ತೂಲಿಕ್ಕಿ ಪರದೆ ಬಿಟ್ಟು ಅವನ ಕಡೆ ತಿರುಗಿದಳು. "ಹಾಗಿದ್ರೆ ನಿಮ್ಮನ್ನ ಹೋಲಿಕೆಯ ಗುಂಪಲ್ಲಿ ಇಟ್ಕೊಳ್ಳೋಕೆ ಆಗಲ್ಲ," ಎಂದಳು ಮೆಲ್ಲಗೆ.

"ಗೊತ್ತಿತ್ತು ನನಗೆ. ಆದ್ರೂ ಅವಳಲ್ಲಿ ಇಲ್ಲದ್ದನ್ನ ಒಂದ್ಸಲ ನೋಡಬೇಕಿತ್ತು."

"ರೋಗಿಗಳ ತಂದೆತಾಯಿಯರದ್ದು ಬೇರೆ ಗುಂಪಿದೆ. ಅದಕ್ಕೆ ಸೇರಿಸ್ಲಾ?"

"ಸೇರಿಸಿ. ಅಲ್ಲಾದ್ರೂ ಲೆಕ್ಕಕ್ಕಿರಲಿ."

ಕೆಳಗೆ ಕಾಫಿ ಅಂಗಡಿಯಲ್ಲಿ ಕೈಸು ಎರಡು ಏಲಕ್ಕಿ ಬನ್ನು ತೆಗೆದುಕೊಂಡು ಕಾಯುತ್ತಿದ್ದಳು.

"ಏನಂದ್ರು?"

"ನನ್ನದು ಚೆನ್ನಾಗಿದೆಯಂತೆ."

ಕೈಸು ಕಣ್ಣೊರೆಸಿಕೊಂಡು ಬನ್ನನ್ನು ಅವನ ಕಡೆ ಸರಿಸಿದಳು. ಬೆಳಗಿನಿಂದ ಉಪವಾಸವಿದ್ದ ತಾರ್ಮೋ ಅದನ್ನು ಪೂರ್ತಿ ತಿಂದ. ಸಿಹಿಯೋ ಸಪ್ಪೆಯೋ ತಿಳಿಯಲಿಲ್ಲ. ಅಕ್ಕ ತನ್ನದನ್ನೂ ಕೊಟ್ಟಳು. ಅದನ್ನೂ ತಿಂದ.