ಎಲ್ಲರಿಗೂ ಕಾಣುವ ಹಾಗೆ

ಒದ್ದೆ ಕಲ್ಲಿನ ವಾಸನೆ. ಚಿಕ್ಕಂದಿನಲ್ಲಿ ಕಾಪುವಿನ ಮನೆಯಲ್ಲಿ ಅಮ್ಮ ರುಬ್ಬುವ ಕಲ್ಲು ತೊಳೆದು ಕೊನೆಯ ತಂಬಿಗೆ ನೀರು ಹೊಯ್ದಾಗ ಏಳುತ್ತಿದ್ದ, ಸ್ವಲ್ಪ ಹುಳಿ, ಸ್ವಲ್ಪ ಮಣ್ಣು ಬೆರೆತ ಅದೇ ವಾಸನೆ. ಗ್ರೈಂಡರಿನ ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಿದ್ದ ಲೋಲಾಕ್ಷಿ ತಲೆಯೆತ್ತುವುದನ್ನೇ ಮರೆತಳು.

"ಬೆಳಿಗ್ಗೆ ತೊಳೆದಿಟ್ಟೆ," ಎಂದರು ತಂಗಮ್ಮ. "ಯಾರ ಮನೆಗೆ ಹೋದ್ರೂ ಕ್ಲೀನಾಗಿ ಹೋಗ್ಲಿ ಅಂತ."

ದೆಹಲಿ ಕಂಟೋನ್ಮೆಂಟಿನ ಆ ಕ್ವಾರ್ಟರ್ಸಿನ ವರಾಂಡದ ತುಂಬ ಕಪ್ಪು ಟ್ರಂಕುಗಳು. ತಂಗಮ್ಮನ ಗಂಡ ಮೇಜರ್ ಮಾಚಯ್ಯ ಆಗಲೇ ತೇಜ್‌ಪುರ ಸೇರಿಯಾಗಿತ್ತು. ಟ್ರಂಕಿಗೆ ಹಿಡಿಸದ್ದನ್ನೆಲ್ಲ ತಂಗಮ್ಮ ದೆಹಲಿ ಕನ್ನಡಿಗರ ಇ-ಮೇಲ್ ಗುಂಪಿನಲ್ಲಿ ಹರಾಜಿಗೆ ಹಾಕಿದ್ದರು. ವರ್ಗವಾಗಿ ಹೋಗುವವರೆಲ್ಲ ಹಾಗೇ ಮಾಡುತ್ತಿದ್ದರು. ಹಿಂದೊಮ್ಮೆ ಒಂದು ಫ್ರಿಜ್ಜಿನ ವಿಷಯಕ್ಕೆ ಎರಡು ಮನೆಯವರು ಮಾತು ಬಿಟ್ಟ ಮೇಲೆ, ಗುಂಪು ನೋಡಿಕೊಳ್ಳುವ ಕಿದ್ವಾಯಿ ನಗರದ ದಕ್ಷಿಣಾಮೂರ್ತಿಗಳು ನಿಯಮ ಬರೆದರು: ಕೂಗಿದ ಬೆಲೆ ಗುಂಪಿನ ಎಲ್ಲರಿಗೂ ಕಾಣಬೇಕು, ಮಾರುವವರೊಬ್ಬರಿಗೇ ಬರೆದದ್ದು ಲೆಕ್ಕಕ್ಕಿಲ್ಲ.

ಲೋಲಾಕ್ಷಿಗೆ ನಿಯಮ ತಿಳಿಯದ್ದೇನಲ್ಲ. ಮುಖರ್ಜಿ ನಗರದ ಸೈಬರ್ ಕೆಫೆಯಲ್ಲಿ ಮಗಳು ಶ್ರಾವ್ಯಾ ಓದಿ ಹೇಳಿದ್ದಳು. ಆದರೆ ಪರದೆಯ ಮೇಲಿದ್ದ ಕೊನೆಯ ಬೆಲೆ ತನಿಯಪ್ಪನವರದು. ಲೋಲಾಕ್ಷಿಯ ಗಂಡ ಜಗನ್ನಾಥ ಸಾಯುವ ತನಕ ದೋಸೆ ಹೊಯ್ದದ್ದು ಅವರ ಹೋಟೆಲಿನಲ್ಲಿ. ನಿಗಮಬೋಧ ಘಾಟಿನಲ್ಲಿ ಚಟ್ಟಕ್ಕೆ ಹೆಗಲು ಕೊಟ್ಟವರೂ ಅವರೇ. ಊರೆಲ್ಲ ನೋಡುವಾಗ ಧಣಿಗಳ ಮೇಲೆ ಬೆಲೆ ಕೂಗುವುದು ಹೇಗೆ?

"ತಂಗಮ್ಮಕ್ಕನಿಗೆ ಮಾತ್ರ ಕಳಿಸು," ಎಂದಿದ್ದಳು.

"ಮಮ್ಮಿ, ರೂಲ್ ಹೈ ನಾ," ಎಂದು ಗೊಣಗುತ್ತಲೇ ಶ್ರಾವ್ಯಾ ಕಳಿಸಿದ್ದಳು.

ಬರುವ ತಿಂಗಳಿಂದ ಪರೀಕ್ಷೆಗೆ ಓದುವ ಹುಡುಗರ ಹಾಸ್ಟೆಲೊಂದಕ್ಕೆ ಬೆಳಗಿನ ಇಡ್ಲಿ ಕೊಡುವ ಮಾತಾಗಿತ್ತು. ಇದ್ದ ಮಿಕ್ಸಿಯ ಮೋಟರು ಒಮ್ಮೆ ಸುಟ್ಟಿತ್ತು; ತಂತಿ ಹೊಸದಾಗಿ ಸುತ್ತಿಸಿದ ಮೇಲೂ ಮತ್ತೆ ಸುಟ್ಟ ವಾಸನೆ ಬರುತ್ತಿತ್ತು. ಹೊಸ ಗ್ರೈಂಡರು ಕೊಳ್ಳುವುದು ಆಗದ ಮಾತು. ಇದು ಸಿಗದಿದ್ದರೆ ಹಾಸ್ಟೆಲಿನವರಿಗೆ ಇಲ್ಲವೆನ್ನಬೇಕು.

ತೀರ್ಮಾನ ಹೇಳಲು ಬಂದು ಬೆತ್ತದ ಮೋಢಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ದಕ್ಷಿಣಾಮೂರ್ತಿಗಳಿಗೆ ತಂಗಮ್ಮ ಮತ್ತೊಮ್ಮೆ ಹೇಳಿದರು. "ಲೋಲಾಕ್ಷಿ ಬರೆದದ್ದೇ ಜಾಸ್ತಿ ಸರ್. ಅವಳಿಗೆ ಬೇಕೂ ಇದೆ. ನನ್ನ ಸಾಮಾನು, ನಾನು ಯಾರಿಗಾದ್ರೂ ಕೊಡಬಹುದಲ್ವಾ?"

"ಹರಾಜಿಗೆ ಹಾಕೋ ತನಕ ನಿಮ್ಮದೇ ಕಣಮ್ಮ. ಇವತ್ತು ಇಲ್ಲದವರಿಗೆ ಅಂತ ನಿಯಮ ಬಿಡ್ತೀವಿ, ನಾಳೆ ನಮಗೆ ಬೇಕಾದವರಿಗೆ ಬಿಡ್ತೀವಿ. ಸರ್ವೀಸಿಡೀ ಅದನ್ನೇ ನೋಡಿದೀನಿ."

ಗೇಟಿನಲ್ಲಿ ಟೆಂಪೋ ನಿಂತಿತು. ತನಿಯಪ್ಪ ಕತ್ತು ಒರೆಸಿಕೊಳ್ಳುತ್ತ ಬಂದರು. "ಎಂತ ಮಾರಾಯ್ರೇ, ಒಂದು ಗ್ರೈಂಡರಿಗೆ ಸುಪ್ರೀಂ ಕೋರ್ಟಾ?" ಎಂದು ನಕ್ಕವರು ಲೋಲಾಕ್ಷಿಯನ್ನು ಕಂಡರು. ನಗು ನಿಂತಿತು.

"ಗುಟ್ಟಲ್ಲಿ ಕೂಗಿದ್ದು ನೀನಾ?"

ಅವಳು ಸೆರಗಿನ ತುದಿ ಸುತ್ತಿದಳು.

"ನನ್ನ ಹತ್ರ ಒಂದು ಮಾತು ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ. ಬೆನ್ನ ಹಿಂದೆ ಯಾಕೆ, ಲೋಲಾಕ್ಷಿ? ನಾನು ಅಷ್ಟು ಬೇಡದವನಾದೆನಾ?"

ಅವರ ದನಿಯಲ್ಲಿದ್ದದ್ದು ನಿಜವಾದ ನೋವು. ಅವಳು ಹಾಗೆ ಮಾಡಿದ್ದು ಅವರ ಮರ್ಯಾದೆಗೆಂದೇ. ಈಗ ಹೇಳಿದರೆ ಅದೂ ಸುಳ್ಳಿನಂತೆ ಕೇಳುತ್ತಿತ್ತು.

ದಕ್ಷಿಣಾಮೂರ್ತಿಗಳು ಕೆಮ್ಮಿದರು. "ಇಬ್ಬರೂ ಒಪ್ಪಿದರೆ ಇಲ್ಲೇ, ಎಲ್ಲರೆದುರಿಗೆ ಇನ್ನೊಂದು ಸಲ ಕೂಗಬಹುದು. ಫಲಿತಾಂಶ ಗುಂಪಿಗೆ ನಾನು ಬರೀತೀನಿ."

"ಓಹೋ, ಆಗ್ಲಿ," ಎಂದರು ತನಿಯಪ್ಪ. "ನನ್ನ ಮುಖ ನೋಡಿ ಕೂಗ್ಲಿ."

ಹೊರಗೆ ತರಕಾರಿ ಭಯ್ಯಾ ಕೂಗಿಕೊಂಡು ಹೋದ. "ಬೋಲೋ ನಾ, ಮಮ್ಮಿ," ಶ್ರಾವ್ಯಾ ಅಮ್ಮನ ಮೊಣಕೈ ಹಿಡಿದಳು. "ಅಂಕಲ್ ಹತ್ರ ಆಲ್ರೆಡಿ ಇದೆ. ತುಮ್ ಬಸ್ ಬೋಲೋ."

ಲೋಲಾಕ್ಷಿ ಕಣ್ಣೆತ್ತಿದಳು. ಧಣಿಗಳ ಮುಖದವರೆಗೆ ನೋಟ ಹೋಗಲಿಲ್ಲ. ಬೆವರಿಗೆ ಅಂಟಿಕೊಂಡಿದ್ದ ಅಂಗಿಯ ಬಲ ಹೆಗಲಿನಲ್ಲೇ ನಿಂತಿತು.

"ಬೇಡ. ಧಣಿಗಳಿಗೇ ಇರ್ಲಿ."

"ಯೋಚನೆ ಮಾಡಮ್ಮ," ದಕ್ಷಿಣಾಮೂರ್ತಿಗಳು ಕನ್ನಡಕ ತೆಗೆದರು. "ಅವಸರ ಇಲ್ಲ. ನಾನು ಕಾಯ್ತೀನಿ." ಕಾದರು ಕೂಡ, ಕನ್ನಡಕವನ್ನು ಪಂಚೆಯ ಅಂಚಿಗೆ ಮತ್ತೆ ಮತ್ತೆ ಒರೆಸುತ್ತ. ಅವಳು ತಲೆಯಾಡಿಸಿದಳು.

ಗ್ರೈಂಡರನ್ನು ಎತ್ತುವಾಗ ಚೌಕಟ್ಟಿನ ಒಂದು ಮೂಲೆಗೆ ಲೋಲಾಕ್ಷಿಯೇ ಕೈ ಕೊಟ್ಟಳು. ಕಲ್ಲು ಅಲುಗದಂತೆ ಗೋಣಿಚೀಲವನ್ನೂ ಅವಳೇ ತುರುಕಿದಳು. ಟೆಂಪೋದ ಹಲಗೆ ಮುಚ್ಚಿ ತನಿಯಪ್ಪ ಅವಳ ಕಡೆ ತಿರುಗಿದರು. ಮಾತು ಮೆತ್ತಗಾಗಿತ್ತು.

"ಫರೀದಾಬಾದಿನ ಹೊಸ ಹೋಟೆಲಿಗೆ ಇದು. ರುಬ್ಬಲಿಕ್ಕೆ ಜನ ಬೇಕು. ನೀನೇ ಬಾ, ಇದ್ರಲ್ಲೇ ರುಬ್ಬು. ಸಂಬಳಕ್ಕೆ ಮೋಸ ಇಲ್ಲ. ನಂಗೆ ಸಿಟ್ಟಿಲ್ಲ, ಆಯ್ತಾ?"

ಶ್ರಾವ್ಯಾ ಗೇಟು ದಾಟಿ ನಡೆದುಬಿಟ್ಟಳು. ರಸ್ತೆಯ ಬೇವಿನ ಮರದ ಕೆಳಗೆ ಇವರಿಗೆ ಬೆನ್ನು ಹಾಕಿ ನಿಂತಳು.

"ಯಾವಾಗಿಂದ ಬರ್ಬೇಕು?" ಎಂದು ಲೋಲಾಕ್ಷಿ ಕೇಳಿದಳು.

"ಒಂದನೇ ತಾರೀಕು."

ಟೆಂಪೋ ಹೋಯಿತು. ದಕ್ಷಿಣಾಮೂರ್ತಿಗಳೂ ಬಸ್ಸಿಗೆ ಹೊರಟರು; ಹೋಗುವಾಗ ಯಾರಿಗೂ ನಮಸ್ಕಾರ ಹೇಳಲಿಲ್ಲ. ಗ್ರೈಂಡರಿದ್ದ ಜಾಗದಲ್ಲಿ ನೆಲ ಚೌಕವಾಗಿ ಒದ್ದೆಯಾಗಿತ್ತು.

"ಕೂತ್ಕೋ ಲೋಲಾಕ್ಷಿ, ಒಂದು ಟೀ ಮಾಡ್ತೀನಿ," ಎಂದು ಒಳಗೆ ಹೋದ ತಂಗಮ್ಮ ಖಾಲಿ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಸಿಲಿಂಡರು, ಒಲೆ ಎಲ್ಲ ಹಿಂದಿನ ದಿನವೇ ಹೋಗಿತ್ತು. ತಿರುಗಿ ಬಂದಾಗ ಅವರ ಕಣ್ಣು ತುಂಬಿತ್ತು.

ಲೋಲಾಕ್ಷಿ ಬಟ್ಟೆಯ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟಳು. ಬೆಳಿಗ್ಗೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ ಪುಂಡಿ, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಡಬ್ಬಿಯ ತಳ ಇನ್ನೂ ಬೆಚ್ಚಗಿತ್ತು. ತಂಗಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಟ್ರಂಕುಗಳ ನಡುವೆ ನಿಂತರು.