ಸೋಫಾ ಕುರ್ಚಿ ಒಣಗಿಸಿದ ಮೂರು ದಿನ

ಹನ್ನೆರಡು ದಿನದಿಂದ ಮಾವ ಒಳಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಹಜಾರದ ಕಿಟಕಿಯ ಪಕ್ಕದ ಅವರ ಸೋಫಾ ಕುರ್ಚಿ, ದಪ್ಪ ಹಸಿರು ಬಟ್ಟೆಯದು, ಖಾಲಿ ಬಿದ್ದಿತ್ತು. ಲಕ್ವ ಹೊಡೆದಾಗಿನಿಂದ ಅವರ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಕುರ್ಚಿಯಿಂದ ಬಚ್ಚಲಿಗೆ ಹೋಗಲು ಏಳುವಷ್ಟರಲ್ಲಿ ತಡವಾಗಿ, ಕೂತಲ್ಲೇ ಮೂತ್ರವಾಗಿಹೋಗಿತ್ತು. ಸೊಸೆ ಒರೆಸಿದಳು, ಅವರ ಬಟ್ಟೆ ಬದಲಿಸಿದಳು, ಏನೂ ನಡೆದೇ ಇಲ್ಲವೆಂಬಂತೆ ಟೀ ಕೊಟ್ಟಳು. ಮಾವ ಟೀಯನ್ನೇನೋ ಕುಡಿದರು, ಆ ಕುರ್ಚಿಯ ಕಡೆ ಮತ್ತೆ ಕಣ್ಣೆತ್ತಲಿಲ್ಲ.

ಭಾನುವಾರ ಅವರ ಬಸ್ ಡಿಪೋ ಗೆಳೆಯರಿಬ್ಬರು ನೋಡಲು ಬರುವವರಿದ್ದರು. "ಮಲಗಿದಾರೆ ಅಂತ ಹೇಳಿ ಕಳಿಸ್ಬಿಡಮ್ಮಾ," ಎಂದರು ಮಾವ. ಮೂವತ್ತು ವರ್ಷ ಬಸ್ಸು ಓಡಿಸಿ, ಹತ್ತಿದವರನ್ನೆಲ್ಲ ಬಾಯ್ತುಂಬ ಮಾತಾಡಿಸಿದ ಮನುಷ್ಯನ ಬಾಯಲ್ಲಿ ಈ ಮಾತು! ಸೊಸೆಯ ಹೆರಿಗೆಯಾದಾಗ ಮನೆಯಲ್ಲಿ ಅತ್ತೆಯಿರಲಿಲ್ಲ. ಬೆಳಕು ಹರಿಯುವ ಮುಂಚೆಯೇ ಎದ್ದು, ರಕ್ತದ ಬಟ್ಟೆಗಳನ್ನು ತಣ್ಣೀರಲ್ಲಿ ನೆನೆಸಿ ಒಗೆದು ಹರವಿದವರು ಇದೇ ಮಾವ. ಒಂದು ತಿಂಗಳು ಹಾಗೆ ನಡೆಯಿತು. ಒಮ್ಮೆಯೂ ಮೂಗು ಮುರಿದಿರಲಿಲ್ಲ, ಯಾರೆದುರೂ ಹೇಳಿಕೊಂಡಿರಲಿಲ್ಲ. ಭಾನುವಾರ ಅವರು ಹಜಾರದಲ್ಲಿ, ತಮ್ಮ ಜಾಗದಲ್ಲೇ ಕೂರಬೇಕು ಎಂದು ಸೊಸೆ ಹಟ ತೊಟ್ಟಳು.

ಶುಕ್ರವಾರ ಬೆಳಿಗ್ಗೆ ಕುರ್ಚಿಯ ಕಲೆ, ವಾಸನೆ ತೆಗೆಯಲು ತಣ್ಣೀರಿಗೆ ವಿನೆಗರ್ ಬೆರೆಸಿದಳು. ಕುರ್ಚಿಯ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಅಷ್ಟರಲ್ಲಿ ಮಗಳ ಶಾಲೆಯ ಹೊತ್ತಾಯಿತು.

ಅವಳನ್ನು ಬಿಟ್ಟು ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ವಾಹನ ತೊಳೆಯುವ ಶೆಡ್ಡು ನಡೆಸುವ ಗಂಡ, ಉಪಕಾರ ಮಾಡೋಣವೆಂದು ಕುರ್ಚಿಯನ್ನು ಹಿತ್ತಲಿಗೆ ಎಳೆದು, ಶೆಡ್ಡಿನ ಪಂಪು ತಂದು, ಲಾರಿಗೆ ಹೊಡೆಯುವ ಹಾಗೆ ನೀರು ಹೊಡೆದಿದ್ದ.

"ಅಯ್ಯೋ ರೀ! ಏನ್ರೀ ಇದು?"

"ನೋಡು, ಎರಡೇ ನಿಮಿಷ! ನೀನು ಚಮಚದಲ್ಲಿ ಅಳೀತಾ ಕೂತಿದ್ದೆ."

"ಒಳಗೆ ಸ್ಪಂಜಿದೆ ಕಣ್ರೀ! ಕೆರೇನೇ ಕುಡಿದು ಕೂತಿದೆ ಅದು. ಭಾನುವಾರದೊಳಗೆ ಒಣಗುತ್ತಾ?"

ಗಂಡ ಕುರ್ಚಿಯನ್ನು ಎತ್ತಲು ನೋಡಿದ. ಅದು ಅಲುಗಲಿಲ್ಲ. ಇವನ ಮುಖದ ನೀರಿಳಿಯಿತು.

"ಲೇ!" ಬಾಗಿಲಲ್ಲಿ ಕೋಲೂರಿ ಮಾವ ನಿಂತಿದ್ದರು. ಹನ್ನೆರಡು ದಿನದಲ್ಲಿ ಇಷ್ಟು ದೂರ ಬಂದದ್ದು ಇದೇ ಮೊದಲು. "ಬುದ್ಧಿ ಎಲ್ಲಿಟ್ಟಿದ್ದೀಯೋ? ಸೀಟು ತೊಳೆಯೋ ರೀತೀನಾ ಇದು?"

"ಅಪ್ಪಾ, ನಾನು..."

"ಬಾಯ್ಮುಚ್ಚು. ಜಿಪ್ಪು ತೆಗಿ. ಸ್ಪಂಜು ಹೊರಗೆ ಎಳಿ. ಹಿಂಡಬೇಡ, ಕಿತ್ತುಹೋಗುತ್ತೆ! ಟವೆಲ್ ಸುತ್ತಿ, ಮೇಲೆ ಹತ್ತಿ ನಿಲ್ಲು."

ಗಂಡ ಹತ್ತಿ ನಿಂತ. ನಾಲ್ಕೂ ಕಡೆಯಿಂದ ನೀರು ಚಿಮ್ಮಿತು.

"ಹೊಟ್ಟೆ ಬೆಳೆಸಿದ್ದಕ್ಕೆ ಇವತ್ತಾದ್ರೂ ಪ್ರಯೋಜನ ಆಯ್ತು," ಎಂದಳು ಸೊಸೆ. ಮಾವನ ತುಟಿಯ ಸರಿಯಿರುವ ಬದಿ ಒಂದಿಷ್ಟು ಮೇಲೇರಿತು.

ಮಳೆಗಾಲದಲ್ಲಿ ಕಿಟಕಿಯಿಂದ ನೀರು ನುಗ್ಗಿ ಡ್ರೈವರ್ ಸೀಟು ತೊಯ್ದರೆ, ಮರುದಿನದ ಪಾಳಿಗೆ ಅದನ್ನು ಒಣಗಿಸಿಕೊಳ್ಳುವುದು ಡ್ರೈವರನದೇ ಪಾಡಾಗಿತ್ತಂತೆ. ಸ್ಪಂಜನ್ನು ಮಲಗಿಸದೆ, ಒಂದು ಮೂಲೆ ಕೆಳಗೆ ಬರುವಂತೆ ನಿಲ್ಲಿಸಬೇಕು. ನೀರೆಲ್ಲ ಅಲ್ಲಿಗಿಳಿದು ತೊಟ್ಟಿಕ್ಕುತ್ತದೆ. ಗಂಟೆಗೊಮ್ಮೆ ಮೂಲೆ ಬದಲಿಸಬೇಕು. ಮಾವ ಹಿತ್ತಲಲ್ಲೇ ಕೂತು ಕೋಲಿನಿಂದ ತೋರಿಸುತ್ತ ಸಂಜೆಯವರೆಗೆ ಯಜಮಾನಿಕೆ ಮಾಡಿದರು.

ಶನಿವಾರ ಸೊಸೆ ಸ್ಪಂಜು ತಿರುಗಿಸುತ್ತಿದ್ದಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು: "ವಾಸನೆ ಹೋಯ್ತೇನಮ್ಮಾ?"

ಆ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೋಯ್ತು ಎಂದುಬಿಡಬಹುದಿತ್ತು. ಅವಳು ಮೂಗಿಟ್ಟು ನೋಡಿದಳು. "ಇನ್ನೂ ಸ್ವಲ್ಪ ಇದೆ ಮಾವ."

"ಹಾಗಾದ್ರೆ ನಿನ್ನ ವಿನೆಗರ್ ತಗೊಂಬಾ."

ಇಬ್ಬರೂ ಸೇರಿ ಕಲೆಯ ಮೇಲೆ ಒದ್ದೆ ಬಟ್ಟೆ ಒತ್ತಿದರು, ಉಜ್ಜಲಿಲ್ಲ. ಮೇಲೆ ಅಡುಗೆ ಸೋಡಾ ಉದುರಿಸಿ, ಫ್ಯಾನು ಹಾಕಿ ಬಿಟ್ಟರು. ಭಾನುವಾರ ಬೆಳಿಗ್ಗೆ ಬ್ರಷ್ಷಿನಿಂದ ಸೋಡಾ ಕೊಡವಿದಾಗ ಸ್ಪಂಜೂ ಒಣಗಿತ್ತು, ವಾಸನೆಯೂ ಇರಲಿಲ್ಲ. ಹಸಿರು ಬಟ್ಟೆಯ ಮೇಲೆ ತಟ್ಟೆಯಗಲದ ಒಂದು ಮಾಸಲು ಉಂಗುರ ಮಾತ್ರ ಉಳಿದುಬಿಟ್ಟಿತ್ತು.

ಸೊಸೆ ಅದರ ಮೇಲೆ ಹೊದಿಕೆ ಮಡಿಸಿ ಹಾಕಹೋದಳು. "ಬೇಡ ಬಿಡು," ಎಂದು ಮಾವ ಅವಳ ಭುಜ ಹಿಡಿದು ನಿಧಾನಕ್ಕೆ ಕೂತರು.

ಗೆಳೆಯರು ಬಂದರು. ಒಬ್ಬರು ದಪ್ಪ ಡ್ರೈವರ್. ಇನ್ನೊಬ್ಬರು 'ಸೀಟಿ' ಎಂದೇ ಎಲ್ಲರೂ ಕರೆಯುವ ಕಂಡಕ್ಟರ್. ಮಾವ ಕೋಲು ತೆಗೆದುಕೊಳ್ಳಲು ಪಕ್ಕಕ್ಕೆ ಸರಿದಾಗ ಸೀಟಿಯ ಕಣ್ಣಿಗೆ ಉಂಗುರ ಬಿತ್ತು.

"ಇದೇನಯ್ಯಾ, ಸೀಟಿನ ಮೇಲೆ ಹುಣ್ಣಿಮೆ ಚಂದ್ರ?"

ಅಷ್ಟರಲ್ಲಿ ಬಂದ ಸೊಸೆ ಬೇಗನೆ ಟೀ ತಟ್ಟೆಯನ್ನು ಸೀಟಿಯ ಮುಂದೆ ಹಿಡಿದಳು. ಗಂಡ ಚಾವಣಿ ನೋಡಿದ.

"ಅದಾ?" ಮಾವ ಗಂಟಲು ಸರಿಮಾಡಿಕೊಂಡರು. "ಸ್ಟಾಪು ಬರೋ ಮುಂಚೇನೇ ಪ್ಯಾಸೆಂಜರ್ ಇಳಿದ್ಬಿಟ್ಟ ಕಣಯ್ಯಾ. ಈ ನನ್ನ ಮಗ ಕುರ್ಚೀನೇ ಮುಳುಗಿಸಿದ. ಈ ಮಗಳು ನನ್ನನ್ನ ಮೇಲೆತ್ತಿದಳು."

ಸೀಟಿ ನಕ್ಕ ನಗುವಿಗೆ ಕೆಮ್ಮೇ ಬಂತು. ದಪ್ಪ ಡ್ರೈವರ್ ಮಾತ್ರ ನಗಲಿಲ್ಲ. "ನಮ್ಮನೇಲೂ ಅದೇ ಕಥೆ," ಎಂದರು ಮೆಲ್ಲಗೆ. "ಮಂಚಕ್ಕೆ ರಬ್ಬರ್ ಹಾಳೆ ಹಾಕಿದಾರೆ. ಸೋಫಾ ಹತ್ರ ಹೋಗೋಕೆ ನನಗೇ ನಾಚಿಕೆ. ತಾಯೀ, ಅದು ಹೇಗೆ ತೊಳೆಯೋದು ಅಂತ ನನ್ನ ಸೊಸೆಗೆ ಸ್ವಲ್ಪ ಹೇಳ್ತೀಯಾ?" ಅಲ್ಲೇ ಫೋನು ಹಚ್ಚಿ ಅವಳ ಕೈಗಿಟ್ಟರು.

ಕಂಡು ಕೇಳದ ಆ ಹೆಣ್ಣಿಗೆ ಅವಳು ತಣ್ಣೀರಿನಿಂದ ಹಿಡಿದು ಸೋಡಾದವರೆಗೆ ಎಲ್ಲ ಹೇಳಿದಳು. ತಪ್ಪಿದಲ್ಲೆಲ್ಲ ಮಾವ "ಮೂಲೆ, ಮೂಲೆ ಹೇಳು" ಎಂದು ಕುರ್ಚಿಯಿಂದಲೇ ಕೂಗಿ ತಿದ್ದಿದರು.

"ಅಕ್ಕಾ," ಎಂದಿತು ಕೊನೆಗೆ ಆ ಕಡೆಯ ದನಿ, "ಯಾರನ್ನ ಕೇಳ್ಲಿ ಅಂತ ಒದ್ದಾಡ್ತಿದ್ದೆ. ದೊಡ್ಡ ಉಪಕಾರ ಆಯ್ತು."

"ನನಗಲ್ಲಮ್ಮಾ," ಎಂದು ಸೊಸೆ ಫೋನನ್ನು ಮಾವನ ಕಿವಿಗೆ ಹಿಡಿದಳು, "ಇವರಿಗೆ ಹೇಳು."